ತೋಳಿಲ್ಲದ ದೊಡ್ಡಿ

ಎರಡನೆಯ ಸಲವೂ ಹೋರಿಗಳು ದೊಡ್ಡಿಯ ಬಾಯಿವರೆಗೆ ಬಂದು ಹಿಂದಕ್ಕೆ ಹೊರಳಿದವು. ನೂರ ಅರವತ್ತು ಹೋರಿ. ಬೀಜ ಒಡೆದವೇ ಆದರೂ ಮೂರು ವರ್ಷ ಗುಡ್ಡದ ಮೇಲೆ ಕುದುರೆ ಸವಾರರನ್ನು ಬಿಟ್ಟು ಬೇರೆ ಯಾರ ಮುಖವನ್ನೂ ಕಾಣದೆ ಕೊಬ್ಬಿದವು. ಮುಂದಿದ್ದ ಕಂದು ಹೋರಿ ಮೂಗೆತ್ತಿ ಒಮ್ಮೆ ಬುಸ್ಸೆಂದಿತು, ಅಷ್ಟೇ. ಕಟ್ಟೆಯೊಡೆದ ನೀರಿನಂತೆ ಇಡೀ ಮಂದೆ ಎಡಕ್ಕೂ ಬಲಕ್ಕೂ ಚೆಲ್ಲಿಹೋಯಿತು.

ದೆಲ್ಮೀರೋ ಕುದುರೆಯನ್ನು ಅಡ್ಡ ಹಾಯಿಸಿ, ಬಾಯಿಗೆ ಬಂದದ್ದನ್ನೆಲ್ಲ ಬೈದು, ಉಳಿದ ಐವರು ಸವಾರರ ಜೊತೆ ಅವನ್ನು ಮತ್ತೆ ಹಳ್ಳದ ಬದಿಗೆ ತಂದು ನಿಲ್ಲಿಸುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಕೆಳಗೆ ತಾಕ್ವಾರೆಂಬೋ ಪಟ್ಟಣದಿಂದ ಬಂದ, ಹಿಂದೆ ಗಾಡಿ ಕಟ್ಟಿದ ಮೂರು ಉದ್ದನೆಯ ಲಾರಿಗಳು ಬಾಯಿ ತೆರೆದುಕೊಂಡು ನಿಂತಿದ್ದವು. ಹನ್ನೆರಡರ ತನಕ ಕಾಯುತ್ತೇವೆ, ಆಮೇಲೆ ಖಾಲಿ ಹೋಗುತ್ತೇವೆ ಎಂದು ಚಾಲಕರು ಹೇಳಿಯಾಗಿತ್ತು. ಹೇಳಿ, ನೆರಳಿನಲ್ಲಿ ಕೂತು ಮಾಟೆ ಕಷಾಯ ಹೀರುತ್ತ ಉಚಿತ ನಾಟಕ ನೋಡುತ್ತಿದ್ದರು.

ಉರಿಯೋಸ್ತೆ ನಡೆದು ಬಂದ. ಯಜಮಾನರ ಅಳಿಯ, ಹೊಸ ಮೇಲ್ವಿಚಾರಕ, ರಾಜಧಾನಿಯಿಂದ ಬಂದು ಒಂದು ವರ್ಷವೂ ತುಂಬಿರಲಿಲ್ಲ. ಬೂಟು ಇನ್ನೂ ಹೊಸದಾಗಿಯೇ ಇತ್ತು.

"ಏನಯ್ಯಾ ದೆಲ್ಮೀರೋ, ದನ ತುಂಬ್ಸೋಕೆ ಇಷ್ಟೊತ್ತಾ? ಹನ್ನೆರಡರೊಳಗೆ ಇವು ಲಾರಿ ಹತ್ಲಿಲ್ಲ ಅಂದ್ರೆ ಭಾನುವಾರದೊಳಗೆ ಕಾವಲುಮನೆ ಖಾಲಿ ಮಾಡು. ನಿಮ್ಮಮ್ಮನ್ನೂ ಕರ್ಕೊಂಡು ಹೋಗು."

"ದೊಡ್ಡಿ ಗೋಡೆ ಕೆಡವ್ಸಿದ್ದು ಯಾರು ಸಾಹೇಬ್ರೇ?"

"ಕೆಡವಿದ್ದು ಯಾರು?" ಎಂದ ಉರಿಯೋಸ್ತೆ.

ದೆಲ್ಮೀರೋನ ಬಾಯಿ ಕಟ್ಟಿಹೋಯಿತು. ಇಪ್ಪತ್ಮೂರು ವರ್ಷದ ಬಾಯಿ, ಇಲ್ಲಿಯವರೆಗೆ ಯಾರ ಮುಂದೆಯೂ ಕಟ್ಟಿಕೊಳ್ಳದ ಬಾಯಿ. ಮೂರನೆಯ ತರಗತಿಯಲ್ಲಿ ಮೇಷ್ಟ್ರಿಗೆ ಎದುರುತ್ತರ ಕೊಟ್ಟು ಶಾಲೆಯಿಂದ ಹೊರಗೆ ನಡೆದಾಗಲೂ ಕಟ್ಟಿರಲಿಲ್ಲ.

ಕಾವಲುಮನೆ ಎಂದರೆ ಎರಡು ಕೋಣೆ, ತಗಡಿನ ಸೂರು, ಗಾಳಿಗೆ ಅಡ್ಡವಾಗಿ ನಾಲ್ಕು ಗಿಡ. ಅವನಮ್ಮ ಎರ್ಸೀಲಿಯಾ ಅಲ್ಲಿಗೆ ಮದುವೆಯಾಗಿ ಬಂದವಳು. ಗಂಡನ ಹೆಣವನ್ನು ಅದೇ ಬಾಗಿಲಿಂದ ಹೊರಗೆ ಕಳಿಸಿದವಳು. ಮನೆ ಕೆಲಸದ ಜೊತೆ ಬರುತ್ತದೆ, ಕೆಲಸದ ಜೊತೆ ಹೋಗುತ್ತದೆ. ಹಾಗೆಂದು ಎಲ್ಲೂ ಬರೆದಿಲ್ಲ. ಬರೆಯದೆ ಇರುವುದರಿಂದಲೇ ಅದನ್ನು ಅಳಿಸಲೂ ಆಗುವುದಿಲ್ಲ.

ಇನ್ನು ಕೆಡವಿದ ಕಥೆ. ಅದು ಎರಡು ತಿಂಗಳ ಹಿಂದಿನದು.

ಆ ಕಲ್ಲಿನ ದೊಡ್ಡಿ ಯಾವ ಕಾಲದ್ದೋ. ಪಾದ್ರಿಗಳು ಕಟ್ಟಿಸಿದ್ದು ಎನ್ನುವವರುಂಟು, ಗುಲಾಮರು ಕಟ್ಟಿದ್ದು ಎನ್ನುವವರುಂಟು. ಕಟ್ಟಿಸಿದವರು ಯಾರೇ ಆಗಲಿ, ಕಲ್ಲು ಹೊತ್ತವರು ಅವರಲ್ಲ ಎಂಬುದಂತೂ ಖರೆ. ಗಾರೆ ಇಲ್ಲ, ಮಣ್ಣಿಲ್ಲ, ಕಪ್ಪು ಕಲ್ಲಿನ ಮೇಲೆ ಕಪ್ಪು ಕಲ್ಲು ಕೂತಿತ್ತು. ನಡುವೆ ಗುಂಡನೆಯ ದೊಡ್ಡಿ. ಅದರ ಬಾಯಿಯ ಎರಡೂ ಕಡೆಯಿಂದ ಎರಡು ಗೋಡೆಗಳು ಹೊರಟು, ಹೋಗುತ್ತ ಹೋಗುತ್ತ ಒಂದರಿಂದೊಂದು ದೂರವಾಗಿ, ಬಯಲಿನಲ್ಲಿ ನೂರು ಹೆಜ್ಜೆಯಾಚೆ ನಿಲ್ಲುತ್ತಿದ್ದವು.

ಉರಿಯೋಸ್ತೆ ಅದನ್ನು ನೋಡಿ, "ದೊಡ್ಡಿ ಇದೆ, ಸರಿ. ಈ ಎರಡು ಬಾಲ ಯಾಕೆ? ಲಾರಿ ತಿರುಗೋಕೆ ಜಾಗ ಇಲ್ಲ. ತೆಗೀರಿ. ಕಲ್ಲು ದೊಡ್ಡಮನೆ ತೋಟದ ಕಟ್ಟೆಗೆ ಬರುತ್ತೆ" ಎಂದ.

ಆಗ ಮುಂದೆ ಬಂದದ್ದು ಒದಿಲೋನಜ್ಜ ಒಬ್ಬನೇ. ಬಿದ್ದ ಕಲ್ಲನ್ನು ಎತ್ತಿಡುತ್ತ ಎತ್ತಿಡುತ್ತಲೇ ಬೆನ್ನು ಬಾಗಿಸಿಕೊಂಡವನು. "ಸಾಹೇಬ್ರೇ, ಇದಕ್ಕೆ ಏನಂತಾರೆ ಹೇಳಿ ನೋಡೋಣ."

"ಕೊರ್ರಾಲ್."

"ಕೋಳಿ ಕೂಡಿಡೋ ಜಾಗಕ್ಕೂ ಕೊರ್ರಾಲ್ ಅಂತಾರೆ. ಇದು ಮಾಂಗೆರಾ. ಮಾಂಗಾ ಅಂದ್ರೆ ತೋಳು, ಅಂಗಿ ತೋಳು. ನೀವು ಅಂಗಿ ಹಾಕ್ಕೊಳ್ವಾಗ ಕೈ ಹೆಂಗೆ ಹೋಗುತ್ತೆ? ಅಗಲದಿಂದ ಸಣ್ಣಕ್ಕೆ. ಗೊತ್ತೇ ಆಗದಂಗೆ ಹೋಗುತ್ತೆ. ದನಾನೂ ಹಂಗೇ ಹೋಗ್ಬೇಕು. ಇಡೀ ದೊಡ್ಡಿಗೆ ಹೆಸ್ರು ಬಂದಿರೋದೇ ಈ ಎರಡು ಗೋಡೆಯಿಂದ, ಆ ಗುಂಡು ಕಟ್ಟಡದಿಂದ ಅಲ್ಲ. ಹೆಸ್ರಿಟ್ಟೋರು ದನ ಕಂಡೋರು."

"ಹೆಸರು ಇಟ್ಕೊಂಡು ನಾನೇನ್ ಮಾಡ್ಲಿ ಅಜ್ಜ? ಲಾರಿ ತಿರುಗ್ಬೇಕು."

ಮೇಸ್ತ್ರಿ ಬಿಬಿಯಾನೋಗೆ ಅಂದು ತಕ್ಷಣ ಸೊಂಟ ಹಿಡಿಯಿತು. ಉಳಿದವರಿಗೆ ಬೇರೆ ಬೇರೆ ಕೆಲಸ ನೆನಪಾಯಿತು. ಆಗುವುದಿಲ್ಲ ಎಂದು ಒಬ್ಬನೂ ಬಾಯಿಬಿಟ್ಟು ಹೇಳಲಿಲ್ಲ. ದೆಲ್ಮೀರೋಗೆ ಮೈ ಉರಿದದ್ದು ಅದಕ್ಕೆ. ಬಿಬಿಯಾನೋ ಮೇಲೆ ಹಳೆಯ ಉರಿ ಬೇರೆ ಇತ್ತು. ತಾನು ಪಳಗಿಸಿದ ಕುದುರೆಯನ್ನು ಆ ಮನುಷ್ಯ ತನ್ನ ಅಕ್ಕನ ಮಗನಿಗೆ ಕೊಟ್ಟಿದ್ದ. "ಕೆಡವ್ತೀನಿ," ಎಂದ ದೆಲ್ಮೀರೋ. "ಹೇಳಿದ್ದಕ್ಕಿಂತ ಒಂದು ಕಲ್ಲು ಹೆಚ್ಚೇ ಕೆಡವ್ತೀನಿ. ಆಮೇಲೆ ಈ ಮಹಾರಾಯ ದನ ಹೆಂಗೆ ತುಂಬ್ತಾನೋ ನೋಡೇಬಿಡೋಣ!"

ಹನ್ನೊಂದು ದಿನ ಕೆಡವಿದ. ಉಗುರು ಕಿತ್ತುಬಂದರೂ ಬಿಡಲಿಲ್ಲ. ಅಡಿಪಾಯದ ಕಲ್ಲನ್ನೂ ಅಗೆದು ತೆಗೆದ. ಎರ್ಸೀಲಿಯಾ ಸಂಜೆ ಅವನ ಕೈಗೆ ಕೊಬ್ಬು ಹಚ್ಚುತ್ತ, "ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಆ ಕಲ್ಲು ನಿಂಗೇನ್ ಮಾಡಿತ್ತೋ?" ಎಂದಿದ್ದಳು. ಉರಿಯೋಸ್ತೆಯ ಸೊಕ್ಕಿನ ಮೂಗು ಮುರಿದು ಬೀಳುವ ದಿನವನ್ನು ಲೆಕ್ಕ ಹಾಕುತ್ತಿದ್ದವನಿಗೆ ಆ ಮೂಗಿನ ಜೊತೆ ಅಮ್ಮನ ಸೂರೂ ಮುರಿದು ಬೀಳುತ್ತದೆ ಎಂದು ಹೊಳೆದಿರಲಿಲ್ಲ. ಸಿಟ್ಟಿಗೆ ಕಣ್ಣಿದೆ, ಆದರೆ ಒಂದೇ ಕಡೆಗೆ.

ಆ ದಿನ ಈಗ ಬಂದಿತ್ತು. ಮೂಗು ಮಾತ್ರ ಇನ್ನೂ ನೆಟ್ಟಗೇ ಇತ್ತು.

ಮೂರನೆಯ ಪ್ರಯತ್ನ ಉರಿಯೋಸ್ತೆಯದೇ. ಹೊಸದಾಗಿ ತರಿಸಿದ್ದ ಕಬ್ಬಿಣದ ಕೊಳವೆಯ ಚೌಕಟ್ಟುಗಳನ್ನು ಗೋಡೆಯಿದ್ದ ಜಾಗದಲ್ಲಿ ಸಾಲಾಗಿ ನಿಲ್ಲಿಸಿದ. ಬಿಸಿಲಿಗೆ ಅವು ಕನ್ನಡಿಯ ಹಾಗೆ ಹೊಳೆದವು. ಗಾಳಿಗೆ ಒಂದಕ್ಕೊಂದು ತಾಗಿ ಠಣ್ಣೆಂದವು. ಹೋರಿಗಳು ನೂರು ಹೆಜ್ಜೆ ದೂರದಿಂದಲೇ ಕಾಲು ಕಿತ್ತವು. ಒಂದರ ಕೊಂಬಿಗೆ ಚೌಕಟ್ಟೇ ಸಿಕ್ಕಿಕೊಂಡು, ಅದನ್ನು ಹಾರದ ಹಾಗೆ ಹಾಕಿಕೊಂಡು ಹಳ್ಳ ದಾಟಿತು.

ಚಾಲಕರು ಚಪ್ಪಾಳೆ ಹೊಡೆದರು. "ಸಾಹೇಬ್ರೇ, ಆ ಮದುಮಗನ್ನ ಮುಂದಿನ ಸೀಟಲ್ಲೇ ಕೂರಿಸ್ಕೊತೀವಿ!" ಎಂದ ಅವರಲ್ಲಿ ದಪ್ಪನೆಯವನು.

ಕೊಂಬಿನ ಚೌಕಟ್ಟು ಬಿಡಿಸಿ, ಮಂದೆಯನ್ನು ಮತ್ತೆ ಹಳ್ಳದ ಬದಿಗೆ ತರುವ ಹೊತ್ತಿಗೆ ಹತ್ತೂವರೆ. ದೆಲ್ಮೀರೋ ಕುದುರೆಯಿಂದ ಇಳಿದ, ಮತ್ತೆ ಹತ್ತಿದ, ಮತ್ತೆ ಇಳಿದ. ದೊಡ್ಡಿಯ ಮರೆಯಲ್ಲಿ ಒದಿಲೋನಜ್ಜ ಬೆಂಕಿಯ ಮುಂದೆ ಕೂತಿದ್ದ. ಅವನ ಮುಂದೆ ಹೋಗಿ ಅತ್ತಿಂದಿತ್ತ ತಿರುಗತೊಡಗಿದ.

"ಕೂತ್ಕೋ," ಎಂದ ಅಜ್ಜ.

"ಕೂರೋಕೆ ಆಗಲ್ಲ."

"ಅದೇ ನಿನ್ನ ಕಾಯಿಲೆ."

"ಬೈಯೋದಿದ್ರೆ ಬೈದು ಮುಗ್ಸು ಅಜ್ಜ. ಒಂದೂವರೆ ಗಂಟೆ ಇದೆ. ಈ ಕಲ್ಲು ಇರೋಕೆ ಮುಂಚೆ ಇಲ್ಲಿ ದನ ಇರ್ಲಿಲ್ವಾ? ಆಗೇನ್ ಮಾಡ್ತಿದ್ರು?"

"ಗೂಟ ನೆಡ್ತಿದ್ರು."

"ಗೂಟಕ್ಕೆ ಮರ ಎಲ್ಲಿ ಈ ಬೋಳು ಗುಡ್ಡದಲ್ಲಿ?"

ಅಜ್ಜ ಕಷಾಯದ ಕೊಳವೆಯನ್ನು ಬಾಯಿಂದ ತೆಗೆದ. "ನಮ್ಮಜ್ಜನಿಗೆ ಒಬ್ರು ಪಾದ್ರಿ ಹೇಳಿದ್ರಂತೆ. ಮಾಂಗಾ ಅನ್ನೋ ಮಾತು ಹುಟ್ಟಿದ್ದು ಮಾನೋ ಅನ್ನೋ ಮಾತಿನ ಬೇರಿಂದ ಅಂತ. ಮಾನೋ, ಕೈ. ಪಾದ್ರಿಗಳ ಹಳೇ ಭಾಷೇಲಿ ಹಂಗೇ ಅಂತೆ. ಅದಕ್ಕೆ ನಮ್ಮಜ್ಜ ಅಂದನಂತೆ, ನಂಗೊತ್ತು ಸ್ವಾಮಿ, ನಾನೇ ನಿಂತಿದೀನಿ ಅಂತ. ಮರ ಇಲ್ಲದ ಕಡೆ ಜನಾನೇ ಎರಡು ಸಾಲು ನಿಂತ್ಕೋತಿದ್ರಂತೆ. ಕೈಯಿಂದ ಕೈಗೆ ಚರ್ಮದ ಹಗ್ಗ, ಹಗ್ಗದ ಮೇಲೆ ಹೊದ್ಕೊಳ್ಳೋ ಪೋಂಚೋ, ಕಂಬಳಿ, ಸಿಕ್ಕಿದ್ದು ನೇತಾಕಿ. ಕುದುರೆ ಮೇಲಲ್ಲ, ನೆಲದ ಮೇಲೆ. ಗುಡ್ಡದ ದನಕ್ಕೆ ಕುದುರೆ ಮತ್ತೆ ಮನುಷ್ಯ ಎರಡೂ ಸೇರಿ ಒಂದು ಪ್ರಾಣಿ ಕಣೋ. ನೆಲದ ಮೇಲೆ ನಿಂತಿರೋ ಮನುಷ್ಯ ಅದಕ್ಕೆ ಗೊತ್ತಿಲ್ದೇ ಇರೋ ವಸ್ತು. ಮುಟ್ಟೋಕೆ ಹೆದರುತ್ತೆ."

"ನೀನು ಕಣ್ಣಾರೆ ನೋಡಿದೀಯಾ?"

"ನಾನು ನೋಡಿರೋದು ಕಲ್ಲು. ನಮ್ಮಜ್ಜ ದೊಡ್ಡ ಸುಳ್ಳುಗಾರ. ಆದ್ರೆ ದನದ ವಿಷಯದಲ್ಲಿ ಸುಳ್ಳು ಹೇಳ್ತಿರ್ಲಿಲ್ಲ. ಇನ್ನೊಂದು ಮಾತು. ಸಾಲಲ್ಲಿ ಒಬ್ಬ ಅಲ್ಲಾಡಿದ್ರೂ ಮುಗೀತು, ಅವನ ಮೇಲೇ ಬರ್ತವೆ."

ಅದೊಂದೇ ದಾರಿ. ಆದರೆ ಆ ಸೀಮೆಯಲ್ಲಿ ದನದ ಮುಂದೆ ಕುದುರೆ ಇಳಿಯುವುದೆಂದರೆ ನಡುಬೀದಿಯಲ್ಲಿ ಬಟ್ಟೆ ಬಿಚ್ಚಿದ ಹಾಗೆ. ಹೊಟ್ಟೆಗಿಲ್ಲದಿದ್ದರೂ ನಡೆಯುತ್ತದೆ, ಕಾಲ ಕೆಳಗೆ ಕುದುರೆ ಇಲ್ಲದಿದ್ದರೆ ನಡೆಯುವುದಿಲ್ಲ. ಕೇಳಬೇಕಾದದ್ದು ಯಾರನ್ನು? ಎರಡು ತಿಂಗಳಿಂದ ಅವನ ಜೊತೆ ಮಾತು ಬಿಟ್ಟ ಐವರನ್ನು.

ದೆಲ್ಮೀರೋ ಹಳ್ಳದ ಬದಿಗೆ ಹೋಗಿ ಅಜ್ಜ ಹೇಳಿದ್ದನ್ನು ಹೇಳಿದ. ಸವಾರರು ಕುದುರೆಯ ಮೇಲಿಂದ ಕೆಳಗೆ ನೋಡಿದರು. ಅವನೊಬ್ಬನೇ ನೆಲದ ಮೇಲಿದ್ದ.

ಬಿಬಿಯಾನೋ ಬೀಡಿ ಸುತ್ತುತ್ತಿದ್ದ. "ಗೋಡೆ ಕೆಡವಿದ್ದು ನೀನು. ನೀನೇ ಹೋಗಿ ಗೋಡೆಯಾಗಿ ನಿಂತ್ಕೋ. ನಾವು ದೂರದಿಂದ ನೋಡ್ತೀವಿ, ಎಷ್ಟು ಗಟ್ಟಿ ಇದೀಯ ಅಂತ."

ಉಳಿದವರು ನಕ್ಕರು. ದೆಲ್ಮೀರೋನ ಕೈ ಚಾಟಿಯ ಹಿಡಿಗೆ ಹೋಯಿತು. ಬೇರೆ ದಿನವಾಗಿದ್ದರೆ ಅಲ್ಲಿಗೆ ರಕ್ತ ಬೀಳುತ್ತಿತ್ತು. ಆಗಲೇ ದಿಬ್ಬದ ಮೇಲಿಂದ ಎರ್ಸೀಲಿಯಾ ಬರುವುದು ಕಂಡಿತು. ತಲೆಯ ಮೇಲೆ ರೊಟ್ಟಿಯ ಬುಟ್ಟಿ. ಕೆಲಸದವರ ಹೊಟ್ಟೆಗೆಂದು ಕರಿದ ರೊಟ್ಟಿ ತರುತ್ತಿದ್ದಳು, ಜೊತೆಗೆ ಬರುತ್ತಿದ್ದ ದೊಡ್ಡಮನೆಯ ಅಡುಗೆಯವಳು ಮನೆ ಹೋಗುತ್ತಿರುವ ಸುದ್ದಿಯನ್ನು ಆಗಲೇ ಕಿವಿಗೆ ಹಾಕಿದ್ದರೂ.

ಅವನು ಚಾಟಿಯಿಂದ ಕೈ ತೆಗೆದ. "ಬಿಬಿಯಾನೋ, ನೀನು ಇಳೀಬೇಡ."

"ಹಾಂ?"

"ಹಿಂದಿನಿಂದ ಮಂದೆ ತರೋನು ನೀನೇ ಆಗ್ಬೇಕು. ನಿದ್ದೇಲಿ ನಡೀತಿರೋ ಹಂಗೆ ತರ್ಬೇಕು. ಈ ಗುಡ್ಡದಲ್ಲಿ ಅದು ನಿನಗೊಬ್ಬನಿಗೇ ಬರೋದು. ನಾನು ತಂದ್ರೆ ಓಡ್ತವೆ. ನಂಗೆ ಬರಲ್ಲ."

ಸುಳ್ಳು ಹೊಗಳಿಕೆಯಾಗಿದ್ದರೆ ಸಲೀಸಾಗಿ ಬರುತ್ತಿತ್ತು. ಇದು ನಿಜವಾಗಿತ್ತು.

ಬಿಬಿಯಾನೋ ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿದ. "ಇದೆಲ್ಲ ನಿಮ್ಮಮ್ಮನಿಗೋಸ್ಕರ ಹೇಳ್ತಿದೀಯ."

"ಹೂಂ."

"ನಿನಗೋಸ್ಕರ ಆಗಿದ್ರೆ ನಿನ್ನ ತುಳಿಸ್ತಿದ್ದೆ." ಅವನು ಉಳಿದವರ ಕಡೆ ತಿರುಗಿದ. "ಏನ್ ಬಾಯಿ ಬಿಟ್ಕೊಂಡು ನೋಡ್ತಿದೀರಿ? ತೆಲ್ಮೋ ನನ್ನ ಜೊತೆ. ಮಿಕ್ಕೋರು ಇಳೀರಿ. ಹಗ್ಗ ಬಿಚ್ಚಿ."

ಕಬ್ಬಿಣದ ಚೌಕಟ್ಟುಗಳನ್ನು ಆಚೆಗೆ ಎಳೆದುಹಾಕಿ ಜನ ಕೂಡಿಸಿದರು. ಇಳಿದ ಸವಾರರು ಮೂವರು, ದೆಲ್ಮೀರೋ, ಮೂವರು ಚಾಲಕರು, ದೊಡ್ಡಮನೆಯ ಅಡುಗೆಯವಳು, ಎರ್ಸೀಲಿಯಾ, ಒದಿಲೋನಜ್ಜ. ಹತ್ತು. ಒಂದು ಹಗ್ಗದ ತುದಿಗೆ ಕೈ ಕಡಿಮೆ ಬಿತ್ತು, ಎಲ್ಲರೂ ಮೇಲ್ವಿಚಾರಕನತ್ತ ತಿರುಗಿದರು.

"ನಾನಾ?" ಎಂದ ಉರಿಯೋಸ್ತೆ.

"ಬಾರಪ್ಪ, ಇಲ್ಲಿ ಹಿಡ್ಕೋ," ಎರ್ಸೀಲಿಯಾ ಹಗ್ಗದ ತುದಿಯನ್ನು ಅವನ ಕೈಗೆ ತುರುಕಿದಳು. "ಓದಿದೋರಿಗೂ ಎರಡೇ ಕೈ ತಾನೇ."

ಹಗ್ಗಗಳ ಮೇಲೆ ಪೋಂಚೋ, ಹೊದಿಕೆ, ಉಣ್ಣೆ ಚೀಲ, ಎರ್ಸೀಲಿಯಾಳ ಮಂಚದ ಹಾಸು, ಲಾರಿಯ ಟಾರ್ಪಾಲು, ಎಲ್ಲ ಏರಿದವು. ಎರಡು ಸಾಲು ಬಯಲಿನಲ್ಲಿ ಅಗಲವಾಗಿ ಶುರುವಾಗಿ ದೊಡ್ಡಿಯ ಬಾಯಿಗೆ ಬಂದು ಕೂಡಿದವು. ದೆಲ್ಮೀರೋ ನಿಂತದ್ದು ಬಾಯಿಯ ಪಕ್ಕದಲ್ಲೇ, ಎಲ್ಲಕ್ಕಿಂತ ಇಕ್ಕಟ್ಟಿನ ಜಾಗದಲ್ಲಿ. ಎದುರಿಗೆ ಎರ್ಸೀಲಿಯಾ, ಅವಳ ಮಗ್ಗುಲಲ್ಲೇ ಕೈಗೆಟಕುವಷ್ಟು ಹತ್ತಿರ ಉರಿಯೋಸ್ತೆ. ಬಾಯಿಗೆ ಅಡ್ಡ ಎಳೆಯುವ ಮೂರು ಮರದ ತೊಲೆಗಳು ಅವನ ಬೆನ್ನ ಹಿಂದಿದ್ದವು.

"ಕಣ್ಣಲ್ಲಿ ಕಣ್ಣಿಡಬೇಡಿ," ಅಜ್ಜ ಎರಡೂ ಸಾಲಿಗೆ ಕೇಳುವಂತೆ ಹೇಳಿದ. "ಕೆಮ್ಮು ಬಂದ್ರೆ ನುಂಗಿ. ಉಚ್ಚೆ ಬಂದ್ರೆ ಅಲ್ಲೇ ಬಿಡಿ."

ಬಿಬಿಯಾನೋ ಮಂದೆಯನ್ನು ಎಬ್ಬಿಸಿದ್ದು ಯಾರಿಗೂ ತಿಳಿಯಲಿಲ್ಲ. ಸಿಳ್ಳೆಯಿಲ್ಲ, ಕೂಗಿಲ್ಲ. ಅವನು ಮತ್ತು ತೆಲ್ಮೋ ಬೇರೆಲ್ಲಿಗೋ ಹೊರಟವರ ಹಾಗೆ ಓರೆಯಾಗಿ ಬಂದರು, ಹೋರಿಗಳು ಅವರಿಂದ ಸುಮ್ಮನೆ ದೂರ ಸರಿದವು. ಸರಿಯುತ್ತ ಸರಿಯುತ್ತ ಬಟ್ಟೆಯ ಗೋಡೆಗಳ ನಡುವೆ ಬಂದುಬಿಟ್ಟವು.

ಕಂದು ಹೋರಿ ಮುಂದಿತ್ತು. ಎಡಕ್ಕೆ ನೋಡಿತು, ಜನ. ಬಲಕ್ಕೆ ನೋಡಿತು, ಜನ. ಕಾಲುಗಳಿರುವ, ಕುದುರೆಯಿಲ್ಲದ, ಅಲ್ಲಾಡದ ಜನ. ಅದಕ್ಕೆ ಏನೂ ಅರ್ಥವಾಗದೆ ನೇರ ನಡೆಯಿತು. ನೇರ ನಡೆದು ದೆಲ್ಮೀರೋನ ಮುಂದೆ ಬಂದು ನಿಂತಿತು.

ಒಂದು ಮೊಳ ದೂರ. ಅದರ ಉಸಿರು ಅವನ ಕೊರಳಿಗೆ ತಾಗುತ್ತಿತ್ತು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮೈ ಅವನದು. ಊಟ ಕೂಡ ನಡೆದಾಡುತ್ತಲೇ ಮಾಡುವವನು. ಈಗ ತೊಡೆಯ ಒಳಗೆ ನರವೊಂದು ತನ್ನಷ್ಟಕ್ಕೆ ಕುಣಿಯತೊಡಗಿತು. ಓಡು ಎನ್ನುತ್ತಿತ್ತು, ಇಲ್ಲವೇ ಹೊಡಿ ಎನ್ನುತ್ತಿತ್ತು. ಅವನಿಗೆ ಹುಟ್ಟಿದಾಗಿನಿಂದ ಗೊತ್ತಿದ್ದದ್ದು ಅವೆರಡೇ.

ಆಗ ಎದುರು ಸಾಲಿನಲ್ಲಿ ಉರಿಯೋಸ್ತೆ ಒಂದು ಹೆಜ್ಜೆ ಹಿಂದಿಟ್ಟ.

ಹಗ್ಗ ಜೋಲಿತು. ಹಾಸು ನೆಲಕ್ಕೆ ತಾಗಿತು. ಮಂದೆಯ ಬದಿಯಲ್ಲಿದ್ದ ನಾಲ್ಕು ತಲೆ ಅತ್ತ ತಿರುಗಿದವು. ದೆಲ್ಮೀರೋನ ಗಂಟಲಿಗೆ ಬೈಗುಳ ಬಂದು ಕೂತಿತು, ಆ ಮನುಷ್ಯನ ಏಳು ತಲೆಮಾರಿಗೂ ಸಾಲುವಂಥದ್ದು. ಬಾಯಿ ತೆರೆದರೆ ನೂರ ಅರವತ್ತೂ ಅಮ್ಮನ ಮೇಲೆ ಹಾಯುತ್ತವೆ. ಅವನು ಹಲ್ಲು ಕಚ್ಚಿದ. ಬಾಯಲ್ಲಿ ಉಪ್ಪುಪ್ಪಾಯಿತು.

ಎರ್ಸೀಲಿಯಾ ತಲೆ ತಿರುಗಿಸಲಿಲ್ಲ. ಪಕ್ಕಕ್ಕೆ ಕೈ ಚಾಚಿ, ಉರಿಯೋಸ್ತೆಯ ಸೊಂಟದ ಪಟ್ಟಿಯನ್ನು ಹಿಡಿದು, ಮಡಕೆಯನ್ನು ಒಲೆಯ ಮೇಲೆ ಎಳೆದಿಡುವಂತೆ ಅವನನ್ನು ಮೆಲ್ಲಗೆ ಅವನ ಜಾಗಕ್ಕೆ ಎಳೆದಿಟ್ಟಳು. ಹಿಡಿದ ಕೈ ಬಿಡಲಿಲ್ಲ. ಹಾಸು ಮೇಲೆದ್ದಿತು.

ಕಂದು ಹೋರಿ ದೆಲ್ಮೀರೋನ ಎದೆಯನ್ನು ಮೂಸಿತು. ಮುಖ ತಿರುಗಿಸಿ ದೊಡ್ಡಿಯೊಳಗೆ ಹೋಯಿತು. ಅದರ ಹಿಂದೆ ಒಂದು, ಅದರ ಹಿಂದೆ ಮೂರು. ಆಮೇಲೆ ಚೀಲ ಬಿಚ್ಚಿದಂತೆ ಎಲ್ಲವೂ.

ಕೊನೆಯ ಬಾಲ ಒಳಗೆ ಹೋದದ್ದೇ, "ಅಡ್ಡ ಎಳೆಯೋ!" ಎಂದು ಅಜ್ಜ ಪಿಸುಗುಟ್ಟಿದ.

ದೆಲ್ಮೀರೋ ತೊಲೆಯ ಮೇಲೆ ಕೈಯಿಟ್ಟ. ಎಳೆಯಲಿಲ್ಲ.

"ಸಾಹೇಬ್ರೇ," ಎಂದ. ಧ್ವನಿ ಎತ್ತಲಿಲ್ಲ. "ಕಾಗದ ತೆಗೀರಿ. ಕಾವಲುಮನೆ ಅಮ್ಮ ಬದುಕಿರೋ ತನಕ ಅಮ್ಮಂದೇ. ನಾನು ಕೆಲಸದಲ್ಲಿರ್ಲಿ, ಇಲ್ದೇ ಇರ್ಲಿ. ಬರೀರಿ."

"ಹುಚ್ಚು ಹಿಡೀತೇನೋ? ಮೊದ್ಲು ಬಾಗ್ಲು ಹಾಕು! ಆಮೇಲೆ ಮಾತಾಡೋಣ."

"ಆಮೇಲಿನ ಮಾತು ಬೇಡ. ಬರೀರಿ."

ಒಳಗೆ ಹೋರಿಗಳು ಕಲ್ಲು ಮೂಸುತ್ತ, ನಿಂತು ನಿಂತು, ಗೋಡೆಯುದ್ದಕ್ಕೂ ನಿಧಾನವಾಗಿ ಸುತ್ತು ಹೊಡೆಯುತ್ತಿದ್ದವು. ಒಂದು ಸುತ್ತು ಮುಗಿದರೆ ಮತ್ತೆ ತೆರೆದ ಬಾಯಿಯೇ ಕಾಣುತ್ತದೆ. ಸಾಲಿನಲ್ಲಿದ್ದವರು ಹಗ್ಗ ಇಳಿಸಲಿಲ್ಲ. ಬಿಬಿಯಾನೋ ಕುದುರೆಯ ಮೇಲೆ ಕೂತು ಕಿವಿಯಿಂದ ಬೀಡಿ ತೆಗೆದು ಹಚ್ಚಿದ, ಎಲ್ಲಿಗೂ ಹೋಗುವ ಅವಸರವಿಲ್ಲದವನಂತೆ.

ಉರಿಯೋಸ್ತೆ ಸಾಗಾಣಿಕೆಯ ಹಾಳೆಯ ಹಿಂಭಾಗದಲ್ಲಿ, ದಪ್ಪ ಚಾಲಕನ ಬೆನ್ನಿನ ಮೇಲಿಟ್ಟು ಬರೆದ. ಬರೆದದ್ದನ್ನು ದೆಲ್ಮೀರೋ ತಾನು ಓದುವ ಗೋಜಿಗೆ ಹೋಗಲಿಲ್ಲ. "ಅಣ್ಣಾ, ಜೋರಾಗಿ ಓದು," ಎಂದ ಚಾಲಕನಿಗೆ. ಚಾಲಕ ಓದಿದ. ಎಲ್ಲರೂ ಕೇಳಿದರು. ಚಾಲಕ ಕೆಳಗೆ ತನ್ನದೂ ರುಜು ಹಾಕಿದ, ಯಾರೂ ಕೇಳದೆ ಇದ್ದರೂ.

ಕಂದು ಹೋರಿ ಸುತ್ತು ಮುಗಿಸಿ ಬಾಯಿಯ ಕಡೆ ತಲೆ ತಿರುಗಿಸುವುದಕ್ಕೂ ಮೊದಲ ತೊಲೆ ಅಡ್ಡ ಬೀಳುವುದಕ್ಕೂ ಸರಿಹೋಯಿತು. ಎರಡನೆಯದು. ಮೂರನೆಯದು.

"ಸೋಮವಾರದಿಂದ ನೀನು ಕೆಲಸದಲ್ಲಿಲ್ಲ," ಎಂದ ಉರಿಯೋಸ್ತೆ. ತುಟಿ ಬೆಳ್ಳಗಾಗಿತ್ತು. "ಈ ಗುಡ್ಡದಲ್ಲಿ ನಿನ್ನ ನೆರಳೂ ಕಾಣಬಾರ್ದು."

"ಗೊತ್ತಿತ್ತು," ಎಂದ ದೆಲ್ಮೀರೋ. ಬರೆಯಿರಿ ಎನ್ನುವಾಗಲೇ ಗೊತ್ತಿತ್ತು. ಅವನು ಹಾಗೇ ತೊಲೆಗೆ ಒರಗಿ ಕೆಳಗೆ ಜಾರಿ ಕೂತುಬಿಟ್ಟ.

ಎರ್ಸೀಲಿಯಾ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು. ಮಣ್ಣಾದ ಹಾಸನ್ನು ಝಾಡಿಸಿದಳು. ಮಗನ ಮುಂದೆ ಬಂದು ನಿಂತಳು.

"ಏಳೋ. ಲಾರಿ ಇನ್ನೂ ಖಾಲಿ ನಿಂತಿದೆ. ಇವತ್ತಿನ್ನೂ ಶುಕ್ರವಾರ, ಸೋಮವಾರ ಅಲ್ಲ."

ಅವನು ಗೋಡೆ ಹಿಡಿದು ಎದ್ದ. ಬಡಿಗೆ ತೆಗೆದುಕೊಂಡು ದನ ಹತ್ತಿಸುವ ಇಳಿಜಾರಿನ ಕಡೆ ಹೋದ. ಅಲ್ಲಿ ಬಿಬಿಯಾನೋ ಕುದುರೆಯಿಂದ ಇಳಿದು, ಇನ್ನೊಂದು ಬದಿಯಲ್ಲಿ ಆಗಲೇ ನಿಂತಿದ್ದ.